ಹ್ಯಾಕಥಾನ್‌ಗೆ ನಾಲ್ಕು ಜನ, ಕೋಡ್ ಬರೋದು ಒಬ್ಬನಿಗೆ. ಏನು ಮಾಡೋದು?

ಮೂಡಿಗೆರೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ಕ್ಲಾಸು. ಮುಂದಿನ ತಿಂಗಳು ಚಿಕ್ಕಮಗಳೂರಲ್ಲಿ ಹೈಸ್ಕೂಲ್ ಮಕ್ಕಳಿಗೆ 24 ಗಂಟೆಯ ಹ್ಯಾಕಥಾನ್ ಇದೆ, ಅಂದರೆ ಅಷ್ಟರೊಳಗೆ ತಂಡವಾಗಿ ಏನಾದರೂ ಮಾಡಿ ತೋರಿಸುವ ಸ್ಪರ್ಧೆ, ನಾವು ನಾಲ್ಕು ಜನ ಹೆಸರು ಕೊಟ್ಟಿದ್ದೇವೆ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ ಆರ್ಡುಯಿನೊ (ಕೋಡ್ ಹಾಕಿ ನಡೆಸುವ ಪುಟ್ಟ ಬೋರ್ಡು), ಸೆನ್ಸರ್ ಎಲ್ಲ ಇವೆ. ಆದರೆ ಕೋಡ್ ಸರಿಯಾಗಿ ಬರೋದು ಒಬ್ಬನಿಗೆ ಮಾತ್ರ. ನನಗೆ ಬ್ಲಾಕ್ ಜೋಡಿಸಿ ಕೋಡ್ ಮಾಡುವ ಸ್ಕ್ರ್ಯಾಚ್ ಗೊತ್ತು, ಇನ್ನಿಬ್ಬರಿಗೆ ಅದೂ ಇಲ್ಲ. ತೋಟದಲ್ಲಿ ಬಿದ್ದ ಮಳೆಯನ್ನು ತಾನೇ ಅಳೆದು ಫೋನಿಗೆ ಕಳಿಸುವ ಮಾಪಕ ಮಾಡೋಣ ಅಂತ ನನಗೆ ಆಸೆ. ಕೋಡ್ ಬರುವವನಿಗೆ ಎಲೆ ಫೋಟೊ ನೋಡಿ ರೋಗ ಹೇಳುವ ಎಐ ಆ್ಯಪ್ಪೇ ಆಗಬೇಕು. ದಿನಾ ಇದೇ ಜಗಳ. ಅವನು ಬಿಟ್ಟು ಹೋದರೆ ತಂಡವೇ ಇಲ್ಲ. ಉಳಿದ ಇಬ್ಬರು ಸುಮ್ನೆ ಕೂರಬೇಕಾ?

ಹಾಸನದ ಮೂರನೇ ಸೆಮ್:
ಹತ್ತನೇ ಕ್ಲಾಸಲ್ಲಿ ಇದೇ ಥರ ಹೋಗಿ ಮಣ್ಣು ಮುಕ್ಕಿ ಬಂದವನು ನಾನು. ನಮ್ಮದು ಆಲೂಗಡ್ಡೆ ಅಂಗಮಾರಿ ಕಂಡುಹಿಡಿಯುವ ಆ್ಯಪ್. ಫೋಟೊ ಎಲ್ಲ ಇಂಟರ್ನೆಟ್‌ನಿಂದ ಇಳಿಸಿದ್ದು, ಹಾಳೆ ಮೇಲೆ ಒಂದೊಂದೇ ಎಲೆ ಇಟ್ಟು ನೀಟಾಗಿ ತೆಗೆದವು. ಮನೆಯಲ್ಲಿ ಎಲ್ಲ ಸರಿ ಹೇಳುತ್ತಿತ್ತು. ಅಲ್ಲಿ ಜಡ್ಜ್ ಒಬ್ಬರು ಹೊಲದಲ್ಲಿ ತೆಗೆದ ಫೋಟೊ ಕೊಟ್ಟರು, ಕೆಸರು ಸಿಡಿದ ಎಲೆ. ಕೆಸರನ್ನೇ ಅಂಗಮಾರಿ ಅಂದುಬಿಟ್ಟಿತು!

ಮಳೆ ಮಾಪಕ ಮಾಡಿ. ಆಲಿಕೆಯಿಂದ ಇಳಿದ ಮಳೆನೀರಿಗೆ ಪುಟ್ಟ ಬಟ್ಟಲು ತುಂಬಿ ವಾಲಿದಾಗಲೆಲ್ಲ ಅದಕ್ಕೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ಮುಂದೆ ಹಾದುಹೋಗುತ್ತದೆ, ಅದನ್ನು ಎಣಿಸಿದರೆ ಆಯಿತು. ಆದರೆ ಸ್ವಿಚ್ ಒಳಗಿನ ತಗಡು ಅದುರುವುದರಿಂದ ಒಂದು ಸಲ ವಾಲಿದ್ದನ್ನು ಬೋರ್ಡು ಮೂರ್ನಾಲ್ಕು ಸಲ ಎಣಿಸುತ್ತದೆ, ಅದನ್ನು ಕೋಡ್‌ನಲ್ಲೇ ತಡೆಯಬೇಕು, ಡಿಬೌನ್ಸ್ ಅಂತಾರೆ. ಈ ತಲೆನೋವು ಆ ಹುಡುಗನಿಗೆ ಕೊಡಿ, ಎಐ ಮರೆಯುತ್ತಾನೆ. ಮಾಮೂಲಿ ಆರ್ಡುಯಿನೊ ಉನೊ ಬೋರ್ಡಿನಲ್ಲಿ ವೈಫೈ ಇಲ್ಲ, ವೈಫೈ ಇರುವ ಇಎಸ್‌ಪಿ32 ಬೋರ್ಡು ಇದೆಯಾ ನೋಡಿ. ಕೋಡ್ ಬಾರದವರು ಸಿರಿಂಜ್‌ನಲ್ಲಿ ನಿಧಾನವಾಗಿ ನೀರು ಬಿಟ್ಟು, ಎಷ್ಟು ಎಂಎಲ್‌ಗೆ ಬಟ್ಟಲು ವಾಲುತ್ತದೆ ಅಂತ ಬರೆದುಕೊಳ್ಳಲಿ. ಅದನ್ನು ಆಲಿಕೆ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಒಂದು ಸಲ ವಾಲಿದ್ದಕ್ಕೆ ಎಷ್ಟು ಮಳೆ ಅಂತ ಸಿಗುತ್ತದೆ. ಇದು ತಪ್ಪಿದರೆ ಕೋಡ್ ಎಷ್ಟು ಚೆನ್ನಾಗಿದ್ದರೂ ಲೆಕ್ಕ ಸುಳ್ಳು.

ಕಾಫಿ ತೋಟದವನು:
ಮಗು, ಬರೀ ಮಿಲಿಮೀಟರ್ ತೋರಿಸಬೇಡಮ್ಮ. ತೋಟದವರು ಮಾತಾಡೋದು ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿ.ಮೀ. ನಮ್ಮಪ್ಪ ದಿನಾ ಬೆಳಗ್ಗೆ ಅಳತೆ ಗ್ಲಾಸಿಗೆ ನೀರು ಸುರಿದು ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು, ಈಗ ನಾನು ಬರೆಯುತ್ತೇನೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ, ಅದೇ ಕಾಫಿ ಹೂ ಅರಳಿಸುವ ಮಳೆ, ಬಂದರಂತೂ ‘ನಿಮಗೆಷ್ಟು?’ ಅಂತ ಒಬ್ಬರಿಗೊಬ್ಬರು ಫೋನ್ ಮಾಡೋದೇ ಕೆಲಸ. ಪಕ್ಕದ ತೋಟಕ್ಕೆ ಒಂದು ಇಂಚು ಬಿದ್ದಿರುತ್ತದೆ, ನಮಗೆ ಇಪ್ಪತ್ತು ಸೆಂಟ್. ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅಂತ ಅದರ ಮೇಲೆ ಗೊತ್ತಾಗಬೇಕು. ಆ ಇಬ್ಬರನ್ನು ನಾಲ್ಕು ತೋಟಕ್ಕೆ ಕಳಿಸು, ಹಳೇ ಡೈರಿ ನೋಡಿ ಬರಲಿ. ಆಲಿಕೆ ಮೇಲೆ ಜಾಲರಿ ಮರೆಯಬೇಡಿ, ತೋಟದ ಸಿಲ್ವರ್ ಮರದ ಒಂದು ಎಲೆ ಬಿದ್ದರೆ ಸಾಕು, ತೂತು ಮುಚ್ಚಿಹೋಗುತ್ತದೆ.

ಅರಸೀಕೆರೆ ಟೀಚರ್:
ಮಕ್ಕಳನ್ನು ಇಂಥ ಕಡೆ ಕರೆದುಕೊಂಡು ಹೋಗಿ ಬಂದ ಅನುಭವದಲ್ಲಿ ಹೇಳುತ್ತೇನೆ. ರಾತ್ರಿ ಇಬ್ಬಿಬ್ಬರು ಪಾಳಿ ಮೇಲೆ ಮಲಗಿ. ಕೆಲಸ ಮಾಡುತ್ತಿರುವ ಕೋಡ್ ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಮುಂದಿನದಕ್ಕೆ ಕೈ ಹಾಕಿ. ಜಡ್ಜ್ ಮುಂದೆ ಮಾತಾಡೋದು ಮಾತ್ರ ಕೋಡ್ ಹುಡುಗ ಬೇಡ, ಕೋಡ್ ಬರೆದವರು ಜಡ್ಜ್ ಕೇಳದ್ದನ್ನೆಲ್ಲ ಹೇಳಿ ಟೈಮ್ ಮುಗಿಸುತ್ತಾರೆ. ಅಂದಹಾಗೆ, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಈಗಲೇ ಬರೆಸಿಕೊಳ್ಳಿ.

ಮೂಡಿಗೆರೆ ಹುಡುಗಿ:
ಅಂಕಲ್, ಅಜ್ಜನ ಹತ್ತಿರವೂ ಡೈರಿ ಇದೆಯಂತೆ, ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ! ಅಣ್ಣಾ, ಇವತ್ತು ಲ್ಯಾಬಲ್ಲಿ ಒಂದು ಸಲ ವಾಲಿಸಿದ್ದಕ್ಕೆ ಐದು ಎಣಿಸಿತು. ಅವನು ಊಟದ ಬೆಲ್ ಹೊಡೆದರೂ ಎದ್ದಿಲ್ಲ.