ಭರಮಸಾಗರ ವಿಧಾನಸಭಾ ಕ್ಷೇತ್ರ ಏಕೆ ಹೋಯಿತು, ಮರುವಿಂಗಡಣೆಯಲ್ಲಿ ಮತ್ತೆ ಬರುವ ಸಾಧ್ಯತೆ ಇದೆಯೇ?

ಪ್ರಶ್ನೆ: ಭರಮಸಾಗರ ಹೋಬಳಿಯ ಮತದಾರ

ಬಲ್ಲವರಿಗೆ ನಮಸ್ಕಾರ. ನಾನು ಚಿತ್ರದುರ್ಗ ತಾಲ್ಲೂಕಿನ ಭರಮಸಾಗರ ಹೋಬಳಿಯವನು. 2008ರ ಚುನಾವಣೆಗೆ ಮೊದಲು ಭರಮಸಾಗರವೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಆ ಕ್ಷೇತ್ರಕ್ಕೆ ನಮ್ಮ ತಂದೆಯವರ ತಲೆಮಾರಿನವರು ಹಲವು ಬಾರಿ ಮತ ಹಾಕಿದ್ದಾರೆ. ಈಗ ನಮ್ಮ ಹೋಬಳಿ ಹೊಳಲ್ಕೆರೆ ಕ್ಷೇತ್ರಕ್ಕೆ ಸೇರಿದೆ. ಪಹಣಿ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಎಲ್ಲದಕ್ಕೂ ನಮ್ಮ ತಾಲ್ಲೂಕು ಚಿತ್ರದುರ್ಗ, ಆದರೆ ಶಾಸಕರು ಹೊಳಲ್ಕೆರೆಯವರು. ಹೆದ್ದಾರಿಯಲ್ಲಿ ಬಸ್ಸು ಹತ್ತಿದರೆ ಒಂದು ಕಡೆ ದುರ್ಗ, ಇನ್ನೊಂದು ಕಡೆ ದಾವಣಗೆರೆ. ಹೊಳಲ್ಕೆರೆ ನಮ್ಮ ನಿತ್ಯದ ಓಡಾಟದ ದಾರಿಯಲ್ಲಿ ಬರುವ ಊರಲ್ಲ.

ಇದರಿಂದ ಆಗುವ ತೊಡಕನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ (ಬಗರ್‌ಹುಕುಂ) ಸಕ್ರಮಕ್ಕೆ ನಮೂನೆ 57ರಲ್ಲಿ ಅರ್ಜಿ ಹಾಕಿದ ನಮ್ಮ ಕಡೆಯ ರೈತನ ಕಡತ ಇರುವುದು ತಾಲ್ಲೂಕು ಕಚೇರಿಯಲ್ಲಿ, ಆದರೆ ಅದನ್ನು ತೀರ್ಮಾನಿಸುವ ಬಗರ್‌ಹುಕುಂ ಸಮಿತಿಯ ಅಧ್ಯಕ್ಷತೆ ಕ್ಷೇತ್ರದ ಶಾಸಕರದ್ದು. ಒಂದೇ ಕೆಲಸಕ್ಕೆ ಎರಡು ಊರು ತಿರುಗಬೇಕಾದ ಈ ಸ್ಥಿತಿ ಯಾರೊಬ್ಬರ ತಪ್ಪಿನಿಂದ ಬಂದದ್ದಲ್ಲ, ಗಡಿ ಹಾಕಿದ ರೀತಿಯಿಂದ ಬಂದದ್ದು ಎಂದು ನನಗೆ ಅನ್ನಿಸುತ್ತದೆ.

ಊರಿನ ಹಿರಿಯರು ಇದನ್ನು ರಾಜಕೀಯದವರ ಕೈವಾಡ ಎನ್ನುತ್ತಾರೆ. ಅದು ನಿಜವೇ? ಮುಂದಿನ ಮರುವಿಂಗಡಣೆಯಲ್ಲಿ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಹಾಕುವಾಗ, ನಮ್ಮ ಕ್ಷೇತ್ರ ಮರಳಿ ಬರಬಹುದೇ, ಬರಬೇಕಾದರೆ ನಾವು ಯಾರ ಬಳಿ ಏನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರ, ಚಿತ್ರದುರ್ಗ

ತಮ್ಮ ಪ್ರಶ್ನೆಗೆ ಬಹುಮಟ್ಟಿಗೆ ಲೆಕ್ಕವೇ ಉತ್ತರ ಕೊಡುತ್ತದೆ, ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ. 2002ರ ಮರುವಿಂಗಡಣಾ ಕಾಯ್ದೆಯ ಅನ್ವಯ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿಯನ್ನು ಆಧರಿಸಿ ಕ್ಷೇತ್ರಗಳನ್ನು ಹೊಸದಾಗಿ ಗುರುತಿಸಿತು, ಮತ್ತು ಆ ಹೊಸ ಗಡಿಗಳ ಮೇಲೆ ವಿಧಾನಸಭಾ ಚುನಾವಣೆ ನಡೆದ ಮೊದಲ ರಾಜ್ಯ 2008ರಲ್ಲಿ ನಮ್ಮದೇ ಆಯಿತು. ರಾಜ್ಯದ ಒಟ್ಟು ಸ್ಥಾನಗಳು 224, ಅದನ್ನು ಹೆಚ್ಚಿಸುವಂತಿರಲಿಲ್ಲ. 2001ರಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ ಇದ್ದುದರಿಂದ ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ ಜನ ಬರುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು 15.2 ಲಕ್ಷ. ಭಾಗಿಸಿದರೆ ಆರೂವರೆಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಹಾಗಾಗಿ ಜಿಲ್ಲೆಗೆ ಆರು ಸ್ಥಾನ ಸಿಕ್ಕಿತು. ಮೊದಲು ಏಳು ಇದ್ದವು. ಹೋದ ಆ ಒಂದು ಸ್ಥಾನವೇ ಭರಮಸಾಗರ.

ಅದೇ ಅಳತೆಗೋಲನ್ನು ಪಕ್ಕದ ಜಿಲ್ಲೆಗೆ ಇಟ್ಟು ನೋಡಿ. ಆಗ ಹರಪನಹಳ್ಳಿಯೂ ಸೇರಿದ್ದ ದಾವಣಗೆರೆ ಜಿಲ್ಲೆಯಲ್ಲಿ ಸುಮಾರು 17.9 ಲಕ್ಷ ಜನರಿದ್ದರು. ಭಾಗಿಸಿದರೆ ಏಳೂವರೆಯನ್ನು ದಾಟುತ್ತದೆ, ಆದ್ದರಿಂದ ಅಲ್ಲಿ ಏಳು ಇದ್ದದ್ದು ಎಂಟಾಯಿತು. ದಾವಣಗೆರೆ ನಗರ ಉತ್ತರ ಮತ್ತು ದಕ್ಷಿಣ ಎಂದು ಎರಡು ಕ್ಷೇತ್ರವಾದದ್ದು ಹೀಗೆ. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೆ ಏರಿದ್ದೂ ಇದೇ ಕಾರಣದಿಂದ. ಜನ ಹೆಚ್ಚು ಬೆಳೆದ ಕಡೆಗೆ ಸ್ಥಾನ ಹೋಯಿತು, ನಮ್ಮಂಥ ಒಣಭೂಮಿಯ ಜಿಲ್ಲೆ ಒಂದನ್ನು ಕಳೆದುಕೊಂಡಿತು. ಕೈವಾಡ ಎನ್ನುವ ಮಾತನ್ನು ಒಪ್ಪಲು ನನಗೆ ಆಧಾರ ಕಾಣುವುದಿಲ್ಲ. ಏಳರಲ್ಲಿ ಯಾವುದನ್ನು ಬಿಡಬೇಕು ಎಂಬಲ್ಲಿ ಮಾತ್ರ ಆಯ್ಕೆಗೆ ಅವಕಾಶವಿತ್ತು. ಉಳಿದ ಆರೂ ತಾಲ್ಲೂಕು ಕೇಂದ್ರಗಳಾಗಿದ್ದು ಭರಮಸಾಗರ ಮಾತ್ರ ಹೋಬಳಿ ಕೇಂದ್ರವಾಗಿದ್ದರಿಂದ ಅದು ಹೋದದ್ದು ಆಶ್ಚರ್ಯವಲ್ಲ.

ಭರಮಸಾಗರದ ಜೊತೆಗೆ ಅದರ ಮೀಸಲಾತಿ ಜಿಲ್ಲೆಯಿಂದ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ಅಲ್ಲಿಯವರೆಗೆ ಸಾಮಾನ್ಯ ಕ್ಷೇತ್ರವಾಗಿದ್ದ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿರಬೇಕು ಎಂದು ಕಾಯ್ದೆಯ 9ನೇ ಪ್ರಕರಣ ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಆ ಹಂಚಿಕೆಯ ಮಾತಿಲ್ಲ, ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆಯೇ ಮೀಸಲಿಡಬೇಕು. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಪಟ್ಟಿಗೆ ಸೇರಿದ ಮೇಲೆ ರಾಜ್ಯದಲ್ಲಿ ಆ ಮೀಸಲು ಸ್ಥಾನಗಳು ಎರಡರಿಂದ ಹದಿನೈದಕ್ಕೆ ಏರಿದವು. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಮೂರೂ ಒಂದರ ಪಕ್ಕ ಒಂದು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವುದಕ್ಕೆ ಕಾರಣ ಇದು.

ಉತ್ತರ: ನಾಯಕನಹಟ್ಟಿ ಕಡೆಯ ಶಿಕ್ಷಕ

ಮೇಲಿನ ಹಿರಿಯರ ಲೆಕ್ಕ ಸರಿಯಾಗಿದೆ. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಗಡಿ ಸರಿಯಾಗಿದೆ ಎಂದು ಒಪ್ಪಲಾರೆ. ನಮ್ಮ ನಾಯಕನಹಟ್ಟಿ ಮತ್ತು ತಳಕು ಹೋಬಳಿಗಳು ಚಳ್ಳಕೆರೆ ತಾಲ್ಲೂಕಿನಲ್ಲಿವೆ, ಮತ ಹಾಕುವುದು ಮೊಳಕಾಲ್ಮುರು ಕ್ಷೇತ್ರಕ್ಕೆ. ಮೊಳಕಾಲ್ಮುರು ಚಿಕ್ಕ ತಾಲ್ಲೂಕು, ಒಂದು ಕ್ಷೇತ್ರಕ್ಕೆ ಬೇಕಾದ ಸರಾಸರಿ ಜನ ಅಲ್ಲಿ ಇಲ್ಲ, ಹಾಗಾಗಿ ನಮ್ಮನ್ನು ಅಲ್ಲಿಗೆ ಸೇರಿಸಿದರು. ಹೀಗೆ ಕಡಿಮೆಯಾದ ಚಳ್ಳಕೆರೆಗೆ ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯನ್ನು ತಂದು ಕೂಡಿಸಿದರು. ಒಂದು ಹೋಬಳಿಯನ್ನು ಸರಿಸಿದರೆ ಅದರ ಹಿಂದೆ ಇನ್ನೊಂದು ಸರಿಯಲೇಬೇಕಾಗುತ್ತದೆ, ಮತ್ತು ಪ್ರತಿ ಬಾರಿಯೂ ಸರಿಯುವುದು ತಾಲ್ಲೂಕು ಕೇಂದ್ರಕ್ಕೆ ದೂರವಾದ ಅಂಚಿನ ಹಳ್ಳಿಗಳೇ.

ಚುನಾವಣೆಯ ದಿನ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಮತಗಟ್ಟೆಯ ಕೆಲಸಕ್ಕೆ ನೇಮಕಗೊಂಡವರು ಹಿಂದಿನ ದಿನವೇ ಕ್ಷೇತ್ರದ ಮಸ್ಟರಿಂಗ್ ಕೇಂದ್ರಕ್ಕೆ ಹೋಗಿ ಮತಯಂತ್ರ, ವಿವಿಪ್ಯಾಟ್, ಅಳಿಸಲಾಗದ ಶಾಯಿ, ಮತದಾರರ ಪಟ್ಟಿಯ ಗುರುತು ಪ್ರತಿ ಎಲ್ಲವನ್ನೂ ಎಣಿಸಿ ಪಡೆದು, ಮಾರ್ಗದ ಬಸ್ಸಿನಲ್ಲಿ ಹಳ್ಳಿಗೆ ಬರುತ್ತಾರೆ. ಮರುದಿನ ಸಂಜೆ ಯಂತ್ರಕ್ಕೆ ಮೊಹರು ಹಾಕಿ, ಏಜೆಂಟರಿಗೆ ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಕೊಟ್ಟು, ಮತ್ತೆ ಅದೇ ಬಸ್ಸಿನಲ್ಲಿ ಡಿಮಸ್ಟರಿಂಗ್ ಕೇಂದ್ರಕ್ಕೆ ಹೋಗಬೇಕು. ನಮ್ಮ ಮತಗಟ್ಟೆಗಳಿಂದ ಚಳ್ಳಕೆರೆ ಹತ್ತಿರವಿದ್ದರೂ ಯಂತ್ರಗಳು ಹೋಗುವುದು ಮೊಳಕಾಲ್ಮುರಿಗೆ. ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಲಕ್ಷಾಂತರ ಜನ ಸೇರುವ ನಮ್ಮ ಊರಿನ ರಸ್ತೆ, ಕುಡಿಯುವ ನೀರಿನ ಮಾತು ಬಂದಾಗಲೂ ಹೀಗೆಯೇ: ತಾಲ್ಲೂಕಿನ ಅಧಿಕಾರಿಗಳು ಒಂದು ಕಡೆ, ಕ್ಷೇತ್ರದ ಪ್ರತಿನಿಧಿ ಇನ್ನೊಂದು ಕಡೆ.

ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ ಮತ್ತು ಸಾರ್ವಜನಿಕರ ಅನುಕೂಲವನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ಅದೇ 9ನೇ ಪ್ರಕರಣ ಹೇಳುತ್ತದೆಯಲ್ಲವೇ? ಸರಾಸರಿಯನ್ನು ಹಿಡಿದಷ್ಟೇ ಬಿಗಿಯಾಗಿ ಅನುಕೂಲವನ್ನೂ ಹಿಡಿಯಬೇಕಿತ್ತು ಎಂಬುದು ನನ್ನ ವಾದ.

ಉತ್ತರ: ಜಗಳೂರಿನ ಓದುಗ

ನಿಮ್ಮ ತೊಡಕು ಒಂದೇ ಜಿಲ್ಲೆಯೊಳಗಿನದು. ನಮ್ಮ ಜಗಳೂರು ಕ್ಷೇತ್ರದಲ್ಲಿ ಅದು ಎರಡು ಜಿಲ್ಲೆಗಳಿಗೆ ಹರಡಿದೆ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿ 2008ರಿಂದ ಜಗಳೂರು ಕ್ಷೇತ್ರದಲ್ಲಿದೆ. ಆಗ ಎರಡೂ ದಾವಣಗೆರೆ ಜಿಲ್ಲೆಯಲ್ಲಿದ್ದುದರಿಂದ ಯಾರಿಗೂ ಅಷ್ಟಾಗಿ ತೊಂದರೆ ಕಾಣಲಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಫಲವಾಗಿ 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಕ್ಷೇತ್ರದ ಗಡಿ ಇದ್ದಲ್ಲೇ ಉಳಿಯಿತು. ಇಂದು ಅರಸೀಕೆರೆಯವರ ಜಿಲ್ಲಾಧಿಕಾರಿ ಹೊಸಪೇಟೆಯಲ್ಲಿ, ಶಾಸಕರು ಜಗಳೂರಿನಲ್ಲಿ, ಸಂಸದರು ದಾವಣಗೆರೆಯಲ್ಲಿ. ಆ ಹೋಬಳಿಯ ಹುಡುಗನಿಗೆ 371ಜೆ ಅಡಿಯಲ್ಲಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ ಸಿಗುತ್ತದೆ. ಗಡಿಯ ಈಚೆಯ ಹಳ್ಳಿಯ ಹುಡುಗನಿಗೆ, ಇಬ್ಬರ ಶಾಸಕರೂ ಒಬ್ಬರೇ ಆಗಿದ್ದರೂ, ಸಿಗುವುದಿಲ್ಲ.

ಆದರೂ ಶಿಕ್ಷಕರ ಮಾತಿಗೆ ಒಂದು ತಿದ್ದುಪಡಿ ಸೇರಿಸಬಯಸುತ್ತೇನೆ. ಅಂಚಿನ ಹೋಬಳಿ ಎಂದರೆ ಶಕ್ತಿಯಿಲ್ಲದ ಹೋಬಳಿ ಎಂದು ತಿಳಿಯಬೇಕಾಗಿಲ್ಲ. 2023ರಲ್ಲಿ ಜಗಳೂರಿನಲ್ಲಿ ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪನವರು ಬಿಜೆಪಿಯ ಎಸ್.ವಿ. ರಾಮಚಂದ್ರ ಅವರನ್ನು ಸೋಲಿಸಿದ್ದು ಕೇವಲ 874 ಮತಗಳಿಂದ, ಪಕ್ಷೇತರರಾಗಿ ನಿಂತಿದ್ದ ಮಾಜಿ ಶಾಸಕ ಎಚ್.ಪಿ. ರಾಜೇಶ್ ಅವರೂ ಬಹಳ ಹಿಂದೆ ಇರಲಿಲ್ಲ. ಇಂಥ ತ್ರಿಕೋನ ಸ್ಪರ್ಧೆಯಲ್ಲಿ ಎರಡು ಮೂರು ಹಳ್ಳಿಗಳ ಮತವೇ ಫಲಿತಾಂಶವನ್ನು ಬದಲಿಸಬಲ್ಲದು, ಇನ್ನು ಇಡೀ ಹೋಬಳಿಯನ್ನು ಕಡೆಗಣಿಸಿ ಯಾರೂ ಗೆಲ್ಲಲಾರರು. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗೆ ಪಕ್ಷಭೇದವಿಲ್ಲದೆ ಒತ್ತಾಯ ಮಾಡಿದಂತೆ, ಅಂಚಿನ ಹೋಬಳಿಗಳವರು ಒಟ್ಟಾಗಿ ಕೇಳಿದರೆ ಅಭ್ಯರ್ಥಿಗಳು ಕಿವಿಗೊಡಲೇಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಭರಮಸಾಗರ ಹೋಬಳಿಯ ಮತದಾರ

ಮೂವರಿಗೂ ಕೃತಜ್ಞತೆಗಳು. ಏಳು ಆರಾದದ್ದರ ಲೆಕ್ಕ ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಸಂದೇಹವಿದೆ. ನಮ್ಮಲ್ಲಿ ಕೆಲವರು ಕ್ಷೇತ್ರ ಬೇಕು ಎನ್ನುತ್ತಾರೆ, ಕೆಲವರು ಮೊದಲು ಭರಮಸಾಗರ ತಾಲ್ಲೂಕಾಗಲಿ ಎನ್ನುತ್ತಾರೆ, ಮನವಿ ಪತ್ರದಲ್ಲಿ ಎರಡನ್ನೂ ಬರೆದು ಶಾಸಕರ ಕೈಗೆ ಕೊಡುತ್ತಾರೆ. ಹಿರಿಯರೇ, ಇದು ಸರಿಯಾದ ದಾರಿಯೇ?

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರ, ಚಿತ್ರದುರ್ಗ

ಎರಡನ್ನೂ ಒಂದೇ ಪತ್ರದಲ್ಲಿ ಬರೆಯಬೇಡಿ. ತಾಲ್ಲೂಕನ್ನು ರಚಿಸುವ, ಹೋಬಳಿಯನ್ನು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಸೇರಿಸುವ ಅಧಿಕಾರ ಭೂಕಂದಾಯ ಕಾಯ್ದೆಯಂತೆ ರಾಜ್ಯ ಸರ್ಕಾರದ್ದು. ಕ್ಷೇತ್ರದ ಗಡಿಯನ್ನು ರಾಜ್ಯ ಸರ್ಕಾರವಾಗಲಿ ಶಾಸಕರಾಗಲಿ ಮುಟ್ಟುವಂತಿಲ್ಲ. ಅದು ಮರುವಿಂಗಡಣಾ ಆಯೋಗದ ಕೆಲಸ. ಹರಪನಹಳ್ಳಿ ಜಿಲ್ಲೆ ಬದಲಾಯಿಸಿದರೂ ಅರಸೀಕೆರೆ ಜಗಳೂರು ಕ್ಷೇತ್ರದಲ್ಲೇ ಉಳಿದದ್ದನ್ನು ಮೇಲಿನವರು ಹೇಳಿದ್ದಾರೆ. ತಾಲ್ಲೂಕಾದರೆ ಕ್ಷೇತ್ರ ತಾನಾಗಿಯೇ ಬರುತ್ತದೆ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬೇಡಿ. ಜನಗಣತಿಗೆ ಮೊದಲು ಆಡಳಿತ ಗಡಿಗಳನ್ನು ಸ್ಥಗಿತಗೊಳಿಸುವುದರಿಂದ ತಾಲ್ಲೂಕಿನ ಬೇಡಿಕೆಗೂ ಅದರದೇ ಆದ ಕಾಲವಿದೆ.

ಕ್ಷೇತ್ರ ಮರಳುವ ವಿಷಯದಲ್ಲಿ ನಿಮಗೆ ಸುಳ್ಳು ಆಸೆ ಹುಟ್ಟಿಸಲು ಮನಸ್ಸು ಬರುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ಚಿತ್ರದುರ್ಗ ಜಿಲ್ಲೆಯದು 16.6 ಲಕ್ಷ. 224ರ ಲೆಕ್ಕದಲ್ಲಿ ಸರಾಸರಿ ಸುಮಾರು 2.73 ಲಕ್ಷ, ಜಿಲ್ಲೆಗೆ ಬರುವುದು ಆರಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 2001ರಲ್ಲಿ 6.4 ಇದ್ದದ್ದು ಹತ್ತು ವರ್ಷದಲ್ಲಿ ಇನ್ನೂ ಇಳಿದಿದೆ ಎಂದಾಯಿತು. ರಾಜ್ಯದ ಒಟ್ಟು ಸ್ಥಾನ 224ರಲ್ಲೇ ನಿಂತರೆ ಏಳನೆಯದನ್ನು ಕೇಳುವುದಕ್ಕಿಂತ ಆರನ್ನು ಉಳಿಸಿಕೊಳ್ಳುವುದೇ ನಮ್ಮ ಜಿಲ್ಲೆಯ ಚಿಂತೆಯಾಗಬೇಕು. ಒಟ್ಟು ಸ್ಥಾನಗಳೇ ಹೆಚ್ಚಾದರೆ ಮಾತ್ರ ಭರಮಸಾಗರದ ಹೆಸರು ಮತ್ತೆ ಬರಬಹುದು. ಸಂವಿಧಾನದ 84ನೇ ತಿದ್ದುಪಡಿಯು ಆ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಕಟ್ಟಿಹಾಕಿತ್ತು.

ಕ್ಷೇತ್ರ ಬರದಿದ್ದರೂ ಹೋಬಳಿಯನ್ನು ಚಿತ್ರದುರ್ಗ ಕ್ಷೇತ್ರಕ್ಕೆ ಸೇರಿಸಿ ಎಂದು ಕೇಳಬಹುದು, ನನ್ನ ಮಟ್ಟಿಗೆ ಅದು ಹೆಚ್ಚು ಗಟ್ಟಿಯಾದ ಬೇಡಿಕೆ. ಆಯೋಗ ಕರಡು ಪ್ರಸ್ತಾವವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ದಿನ ಗೊತ್ತುಮಾಡಿ, ಬಹಿರಂಗ ಸಭೆ ನಡೆಸುತ್ತದೆ. ಲೋಕಸಭೆಯ ಐವರು ಮತ್ತು ವಿಧಾನಸಭೆಯ ಐವರು ಸದಸ್ಯರು ಆಯೋಗದೊಂದಿಗೆ ಸಹಸದಸ್ಯರಾಗಿ ಕುಳಿತರೂ ಅವರಿಗೆ ಮತಾಧಿಕಾರವಿಲ್ಲ, ಆದ್ದರಿಂದ ಅವರ ಶಿಫಾರಸು ಪತ್ರವೊಂದನ್ನೇ ನಂಬಿ ಕೂರಬಾರದು. ಅಂತಿಮ ಆದೇಶಕ್ಕೆ ಕಾನೂನಿನ ಬಲವಿರುತ್ತದೆ. ಆಮೇಲೆ ನ್ಯಾಯಾಲಯದಲ್ಲಿ ಗಡಿ ಬದಲಾಯಿಸಿಕೊಳ್ಳುತ್ತೇವೆ ಎಂದು ಹೊರಡುವುದು ಬಹಳ ಕಷ್ಟದ ದಾರಿ. ಕರಡು ಹೊರಬಿದ್ದ ಆ ಕೆಲವೇ ವಾರಗಳಲ್ಲಿ ಮಾತನಾಡಬೇಕು.

ಮಾತನಾಡುವಾಗ ನಮ್ಮನ್ನು ಕಡೆಗಣಿಸಿದ್ದಾರೆ ಎಂದಷ್ಟೇ ಹೇಳಿದರೆ ಕಡತದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಹಳ್ಳಿಗಳ ಜನಸಂಖ್ಯೆಯನ್ನು ಜನಗಣತಿ ಪುಸ್ತಕದಿಂದ ಬರೆದುಕೊಂಡು ಕಂದಾಯ ವೃತ್ತವಾರು ಕೂಡಿಸಿ, ನಿಮ್ಮ ಹೋಬಳಿ ಚಿತ್ರದುರ್ಗ ಕ್ಷೇತ್ರಕ್ಕೆ ಬಂದರೆ ಅಲ್ಲಿ ಎಷ್ಟು ಹೆಚ್ಚಾಗುತ್ತದೆ, ಹೊಳಲ್ಕೆರೆಯಲ್ಲಿ ಎಷ್ಟು ಕಡಿಮೆಯಾಗುತ್ತದೆ, ಆ ಕೊರತೆಯನ್ನು ಯಾವ ವೃತ್ತದಿಂದ ತುಂಬಬಹುದು ಎಂಬುದನ್ನು ನಕ್ಷೆಯೊಂದಿಗೆ ತೋರಿಸಬೇಕು. ಬಿಟ್ಟುಹೋಗುವ ಹೋಬಳಿಯ ಬದಲಿಗೆ ಬರುವ ಹೋಬಳಿಯನ್ನು ಹೇಳದ ಅರ್ಜಿಯನ್ನು ಆಯೋಗ ಒಪ್ಪುವುದು ಕಷ್ಟ. ಆ ಬದಲಿ ಹೋಬಳಿಯವರನ್ನೂ ಮೊದಲೇ ಕಂಡು ಮಾತನಾಡಿ, ಏಕೆಂದರೆ ನಿಮ್ಮ ತೊಡಕು ಅವರ ಪಾಲಿಗೆ ಹೋಗುವಂತಾಗಬಾರದು. ನಾಯಕನಹಟ್ಟಿ, ತಳಕು, ತುರುವನೂರಿನವರೂ ನಿಮ್ಮೊಂದಿಗೆ ಕುಳಿತು ಜಿಲ್ಲೆಯ ಆರೂ ಕ್ಷೇತ್ರಗಳಿಗೆ ಹೊಂದುವ ಒಂದೇ ನಕ್ಷೆಯನ್ನು ಸಿದ್ಧಪಡಿಸಿದರೆ ಇನ್ನೂ ಒಳ್ಳೆಯದು. ಗ್ರಾಮ ಪಂಚಾಯಿತಿಗಳ ನಿರ್ಣಯದ ಪ್ರತಿಗಳನ್ನು ಅದಕ್ಕೆ ಲಗತ್ತಿಸಿ. ವೃತ್ತವಾರು ಪಟ್ಟಿ ತಯಾರಿಸುವುದರಲ್ಲಿ ನನ್ನಿಂದ ಆಗುವ ಸಹಾಯವನ್ನು ಸಂತೋಷದಿಂದ ಮಾಡುತ್ತೇನೆ. 2011ರ ಅಂಕಿಗಳಿಂದ ಈಗಲೇ ಶುರುಮಾಡಬಹುದು, ಹೊಸ ಜನಗಣತಿಯ ಅಂಕಿ ಬಂದಾಗ ಆ ಕಾಲಂ ಮಾತ್ರ ಬದಲಾಯಿಸಿದರೆ ಸಾಕು.