ಬಿಎಸ್ಸಿ ನರ್ಸಿಂಗ್ ಸೇರುವ ಮುಂಚೆ ಒಂದು ವರ್ಷ: ವಾರ್ಡ್, ಹೋಮ್ ಕೇರ್, ಬಿಲ್ಲಿಂಗ್ - ಯಾವ ಕೆಲಸ ಒಳ್ಳೆಯದು?

ಪ್ರಶ್ನೆ (ಕೆಂಗೇರಿ): ತಂಗಿ ಪಿಯುಸಿ ಪಿಸಿಎಂಬಿ ಪಾಸ್. ಮುಂದಿನ ವರ್ಷ ಸಿಇಟಿ ಬರೆದು ಬಿಎಸ್ಸಿ ನರ್ಸಿಂಗ್ ಸೇರಬೇಕೆಂದಿದ್ದಾಳೆ. ಅಲ್ಲಿವರೆಗೆ ಮೂರು ಕೆಲಸ ಕಣ್ಣಮುಂದಿವೆ: ಆಸ್ಪತ್ರೆಯಲ್ಲಿ ವಾರ್ಡ್ ಅಸಿಸ್ಟೆಂಟ್, ಏಜೆನ್ಸಿ ಮೂಲಕ ಹೋಮ್ ಕೇರ್, ಬಿಲ್ಲಿಂಗ್ ಕೌಂಟರ್. ಯಾವುದು ಮುಂದೆ ಉಪಯೋಗಕ್ಕೆ ಬರುತ್ತೆ? ಅನುಭವ ಇದ್ದರೆ ಕೋರ್ಸ್ ಅವಧಿಯಲ್ಲಿ ರಿಯಾಯಿತಿ ಉಂಟಾ?

ಉತ್ತರ 1: ರಿಯಾಯಿತಿ ಇಲ್ಲ. ಬಿಎಸ್ಸಿ 4 ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ. ಜಿಡಿಎ (ವಾರ್ಡ್ ಸಹಾಯಕರ ತರಬೇತಿ) ಸರ್ಟಿಫಿಕೇಟ್ ಇದ್ದರೂ ಮೊದಲ ವರ್ಷದಿಂದಲೇ ಓದಬೇಕು. ಆ ಸರ್ಟಿಫಿಕೇಟ್ ಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯೂ ಆಗಲ್ಲ. 'ಆರು ತಿಂಗಳಲ್ಲಿ ನರ್ಸ್' ಎನ್ನುವವರಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಕೆಲಸಕ್ಕೆ ವಾರ್ಡೇ ಸರಿ. ಮಲಗಿದಲ್ಲೇ ಇರುವ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಬೆಡ್‌ಸೋರ್ (ಒತ್ತಡದ ಹುಣ್ಣು) ಶುರುವಾಗುತ್ತೆ. ಯೂರಿನ್ ಬ್ಯಾಗನ್ನು ಮೂತ್ರಕೋಶಕ್ಕಿಂತ ಮೇಲೆತ್ತಿದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತೆ. ಇನ್‌ಟೇಕ್-ಔಟ್‌ಪುಟ್ (ರೋಗಿಯ ದೇಹಕ್ಕೆ ಹೋಗುವ, ಹೊರಬರುವ ದ್ರವ) ಅಳೆಯೋದು, ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳಿಗೆ ಬೇರೆ ಮಾಡೋದು ಕೈಗೆ ಕೂತರೆ ಕಾಲೇಜಿನ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಹೆದರಿಕೆ ಇರಲ್ಲ. ಮಲಮೂತ್ರ, ರಕ್ತ ಕಂಡರೆ ತನಗೆ ಆಗುತ್ತಾ ಅನ್ನೋದೂ ಫೀಸು ಕಟ್ಟುವ ಮುಂಚೆಯೇ ತಿಳಿಯುತ್ತೆ. ನನ್ನ ಪ್ರಕಾರ ಅದೇ ದೊಡ್ಡ ಲಾಭ.

ಉತ್ತರ 2: ಹೋಮ್ ಕೇರ್ ಬೇಡ ಅಂತೀನಿ. ಮನೆಯಲ್ಲಿ ತಪ್ಪು ತಿದ್ದಲು ಸಿಸ್ಟರ್ ಇರಲ್ಲ. ಸಾಮಾನ್ಯವಾಗಿ 12 ಗಂಟೆ ಶಿಫ್ಟ್, ಇಲ್ಲವೇ ಅಲ್ಲೇ ಉಳಿಯಬೇಕು. ಓದಲು ಹೊತ್ತೇ ಸಿಗಲ್ಲ. ಮನೆಯವರು 'ಒಂದು ಇನ್ಸುಲಿನ್ ಹಾಕಿಬಿಡಮ್ಮ' ಅಂದರೆ ಒಪ್ಪಲೇಬಾರದು. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ) ಜಾಗ ತಪ್ಪಿದ್ದಾಗ ಆಹಾರ ಕೊಟ್ಟರೆ ಶ್ವಾಸಕೋಶಕ್ಕೇ ಹೋಗುತ್ತೆ, ಜೀವಕ್ಕೇ ಅಪಾಯ.

ಬಿಲ್ಲಿಂಗ್‌ನಲ್ಲಿ ರೋಗಿಯ ಆರೈಕೆ ಕಲಿಯಲಾಗದು, ಆದರೆ ಶಿಫ್ಟ್ ಹೊಂದಿದರೆ ಓದಲು ಪುರುಸೊತ್ತು ಸಿಕ್ಕೀತು. ಪಿಯುಸಿ ಅಂಕ ಕಡಿಮೆ ಇದ್ದರೆ ಅದನ್ನೂ ಯೋಚಿಸಿ.

ಪ್ರಶ್ನೆ ಕೇಳಿದವರು: ಅಂಕ ಪರವಾಗಿಲ್ಲ. ವಾರ್ಡ್ ಸೇರುವ ಮುಂಚೆ ಏನೇನು ಕೇಳಿಕೊಳ್ಳಬೇಕು?

ಉತ್ತರ 3: ಮೊದಲು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ, ಸೀಟಿನ ದಾಖಲೆ ಪರಿಶೀಲನೆಗೆ ಅದೇ ಬೇಕು. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಕರಾರು) ಇದೆಯಾ, ನೈಟ್ ಎಷ್ಟು, ಪಿಎಫ್-ಇಎಸ್‌ಐ ಹಿಡಿಯುತ್ತಾರಾ ಕೇಳಿ. ಕಾಂಟ್ರಾಕ್ಟರ್ ಮೂಲಕವಾದರೆ ಆಫರ್ ಲೆಟರ್‌ನಲ್ಲಿ ಯಾರ ಹೆಸರಿದೆ ನೋಡಿ.

ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರುಮಾಡಿ: 0, 1, 6ನೇ ತಿಂಗಳು, ಮೂರು ಡೋಸ್. ಚಿಕ್ಕಂದಿನಲ್ಲಿ ಪೂರ್ತಿ ಆಗಿದ್ದರೆ ಕಾರ್ಡ್ ತೋರಿಸಿ ಡಾಕ್ಟರನ್ನು ಕೇಳಿ. ಸೂಜಿ ಚುಚ್ಚಿದರೆ ಸೋಪು-ನೀರಲ್ಲಿ ತೊಳೆದು ತಕ್ಷಣ ಇನ್‌ಚಾರ್ಜ್‌ಗೆ ಹೇಳಬೇಕು, ಹಿಂಡಬಾರದು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ, ಆದಷ್ಟು ಬೇಗ ಶುರುವಾಗಬೇಕು.

ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ತಲಾ 60 ಅಂಕ. ಜನವರಿಯಿಂದ ನೈಟ್ ಬೇಡವೆಂದು ಸೇರುವಾಗಲೇ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ.