ಸಹಾಯ ಬೇಕು: ಟೈರ್ ಪ್ರೆಶರ್ ಸೆನ್ಸರ್ ಎರಡು ಹೋಗಿವೆ, ನಾಲ್ಕನ್ನೂ ಬದಲಿಸಬೇಕಾ?

ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಟಿಪಿಎಂಎಸ್ (ಟೈರ್ ಗಾಳಿಯ ಒತ್ತಡ ನೋಡಿಕೊಳ್ಳೋ ಸಿಸ್ಟಮ್) ದೀಪ ಒಂದು ನಿಮಿಷದಷ್ಟು ಮಿಣುಕಿ, ಆಮೇಲೆ ಹಾಗೇ ಉರಿಯುತ್ತೆ. ಅಂದ್ರೆ ಸಿಸ್ಟಮ್ಮಿನದೇ ದೋಷ. ಬರೀ ಗಾಳಿ ಕಮ್ಮಿಯಾಗಿದ್ರೆ ಮಿಣುಕದೆ ನೇರ ಉರೀತಿತ್ತು. ತಣ್ಣಗಿರುವಾಗ ಗೇಜ್ ಹಾಕಿದ್ರೆ ನಾಲ್ಕರಲ್ಲೂ 33 ಪಿಎಸ್ಐ, ಡೋರ್ ಪಕ್ಕದ ಸ್ಟಿಕ್ಕರಿನಲ್ಲಿ ಇರೋದೂ ಅಷ್ಟೇ.

ಟ್ರಿಗರ್ ಟೂಲ್ (ಸೆನ್ಸರನ್ನ ಎಬ್ಬಿಸಿ ಓದೋ ಉಪಕರಣ) ಹಿಡಿದರೆ ಹಿಂದಿನ ಎಡ ಸೆನ್ಸರ್ ಉತ್ತರವನ್ನೇ ಕೊಡಲ್ಲ. ಮುಂದಿನ ಬಲದ್ದು ಐಡಿ (ಅದರ ಗುರುತಿನ ನಂಬರ್) ಕಳಿಸುತ್ತೆ, ಆದ್ರೆ ‘ಬ್ಯಾಟರಿ ಲೋ’ ಅನ್ನುತ್ತೆ. ಉಳಿದೆರಡು ಸದ್ಯಕ್ಕೆ ಸರಿ. ಎಲ್ಲವೂ 8 ವರ್ಷ ಹಳೆಯವು, 433 ಮೆಗಾಹರ್ಟ್ಸ್ ರೇಡಿಯೋ ಸಿಗ್ನಲ್, ಅಲ್ಯೂಮಿನಿಯಂ ವಾಲ್ವ್. ಬ್ಯಾಟರಿ ಸೀಲ್ ಆಗಿರೋದು, ಹಾಗಾಗಿ ಅದೊಂದನ್ನೇ ಬದಲಿಸಿ ಅಂತ ದಯವಿಟ್ಟು ಹೇಳಬೇಡಿ.

ಹಿಂದಿನ ಎಡದ ವಾಲ್ವ್ ಬುಡದಲ್ಲಿ ಬಿಳಿ ಪುಡಿ ಕಟ್ಟಿದೆ. ಪಂಕ್ಚರ್ ಹಾಕುವಾಗ ಯಾರೋ ಮಾಮೂಲಿ ಹಿತ್ತಾಳೆ ಕೋರ್ (ವಾಲ್ವ್ ಒಳಗೆ ಗಾಳಿ ತಡೆಯೋ ಪಿನ್) ಕೂರಿಸಿದ್ದಾರೆ. ಅಲ್ಯೂಮಿನಿಯಂಗೆ ಹಿತ್ತಾಳೆ ತಾಗಿ ತೇವವೂ ಸೇರಿದ್ರೆ ತುಕ್ಕು ತಿಂದು ಎರಡೂ ಕಚ್ಚಿಕೊಳ್ಳುತ್ತವೆ, ಬಿಚ್ಚೋಕೆ ಹೋದ್ರೆ ವಾಲ್ವೇ ಮುರಿಯುತ್ತೆ. ಅಲ್ಲಿ ನಿಕಲ್ ಲೇಪನದ ಕೋರೇ ಆಗಬೇಕು.

ಗೊತ್ತಿರೋರು ಹೇಳಿ:

1. ಹೊಸ ಸೆನ್ಸರಿಗೆ ಹಳೇ ಐಡಿ ಕ್ಲೋನ್ (ನಕಲು) ಮಾಡಿದ್ರೆ ರೀಲರ್ನ್ (ಹೊಸ ಐಡಿಯನ್ನ ಗಾಡಿಗೆ ಕಲಿಸೋದು) ಬೇಕಾಗಲ್ಲ. ಆದ್ರೆ ಸತ್ತಿರೋದರ ಐಡಿಯನ್ನ ಓಬಿಡಿ ಪೋರ್ಟ್ (ಗಾಡಿಯ ದೋಷ ಓದೋ ಸಾಕೆಟ್) ಮೂಲಕ ಇಸಿಯುನಿಂದ (ಗಾಡಿಯ ಕಂಪ್ಯೂಟರಿನಿಂದ) ಓದೋಕೆ ಯಾವ ಟೂಲ್ ಸಾಕು? ಟೈರ್ ಬಿಚ್ಚಿ ಸೆನ್ಸರ್ ಮೇಲಿನ ನಂಬರ್ ನೋಡೋದು ಕೊನೇ ದಾರಿ.

2. ಹೊಸ ಸೆನ್ಸರಿಗೆ, ರಿಮ್ಮಿನ ತೂತಿಗೆ ಎಳೆದು ಕೂರಿಸೋ ರಬ್ಬರ್ ಸ್ನ್ಯಾಪ್‌-ಇನ್ ವಾಲ್ವ್ ಹಾಕಿಸಿದವರಿದ್ದೀರಾ? ತುಕ್ಕಿನ ಕಾಟ ಕಮ್ಮಿ, ಆದ್ರೆ ಹೈವೇ ವೇಗದಲ್ಲಿ ಹೇಗೆ ತಡೆಯುತ್ತೆ?

3. ಇನ್ನೆರಡನ್ನೂ ಈಗಲೇ ಬದಲಿಸೋದಾ, ಮುಂದೆ ಟೈರ್ ಹಾಕಿಸುವಾಗ ನೋಡಿಕೊಳ್ಳೋದಾ?